ಓರಗಿತ್ತಿಯ ಕುಂಕುಮ

ನನ್ನ ಓರಗಿತ್ತಿ ಸರ್ವಮಂಗಳೆಯ ಹಣೆಯಿಂದ ಕುಂಕುಮ ಉದುರುವುದನ್ನು ಒಂದು ಸಲವಾದರೂ ಕಣ್ಣಾರೆ ನೋಡಬೇಕು ಎನ್ನುವುದು ನನ್ನ ಬಹುದಿನದ ಆಸೆಯಾಗಿತ್ತು. ಬಿಡ್ತು ಅನ್ನಿ, ಕೆಟ್ಟ ಅರ್ಥ ಹಚ್ಚಬೇಡಿ. ಅವಳ ಗಂಡ ನನ್ನ ಮೈದುನ, ಬಂಗಾರದಂಥ ಮನುಷ್ಯ, ನೂರು ಕಾಲ ಬಾಳಲಿ. ನಾನು ಹೇಳುತ್ತಿರುವುದು ಸಿಗ್ನಲ್ಲಿನ ಮಾತು. ನಮ್ಮ ಊರಿನಲ್ಲಿ ರಸ್ತೆಯ ನಿಯಮ ಮುರಿದವರ ಹಣೆಯಲ್ಲಿ ಕುಂಕುಮ ನಿಲ್ಲುವುದಿಲ್ಲ. ಕೆಂಪು ದೀಪ ದಾಟಿದರೆ, ಒನ್‌ವೇಯಲ್ಲಿ ಎದುರಿನಿಂದ ನುಗ್ಗಿದರೆ, ಬಿಳಿ ಗೆರೆಯ ಮೇಲೆ ಮುಂದಿನ ಚಕ್ರ ಇಟ್ಟರೂ ಸಾಕು, ಇಟ್ಟ ಕುಂಕುಮ ಹಳೇ ಗೋಡೆಯ ಸುಣ್ಣದ ಹಾಗೆ ಮೂಗಿನ ಮೇಲೆ ಉದುರುತ್ತದೆ. ವಿಭೂತಿಯೂ ಅಷ್ಟೆ, ನಾಮವೂ ಅಷ್ಟೆ. ಮುಸಲ್ಮಾನರ ಮನೆಗಳಲ್ಲಿ ಹಚ್ಚಿಕೊಂಡ ಅತ್ತರು ನೀರಿನಂತೆ ಸಪ್ಪಗಾಗುತ್ತದೆ. ಇಗರ್ಜಿಯಲ್ಲಿ ಅಂಥವರ ಕೈಯ ಮೇಣದಬತ್ತಿ ಹತ್ತುವುದೇ ಇಲ್ಲ. ಯಾಕೆ ಹೀಗೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಮಳೆ ಯಾಕೆ ಮೇಲಿನಿಂದಲೇ ಬೀಳುತ್ತದೆ ಎಂದು ನಾವು ಯಾರನ್ನೂ ಕೇಳಿದವರಲ್ಲ.

ಊರು ಇದಕ್ಕೆ ಒಗ್ಗಿಹೋಗಿದೆ. ಸರ್ಕಲ್ಲುಗಳಲ್ಲಿ ಪೊಲೀಸರಿಲ್ಲ, ಅವರನ್ನೆಲ್ಲ ಬೇರೆ ಕೆಲಸಕ್ಕೆ ಹಾಕಿ ಎಷ್ಟೋ ಕಾಲವಾಯಿತು. ತಪ್ಪು ಮಾಡಿದವರು ಮಾರನೆಯ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಅದೇ ಸಿಗ್ನಲ್ಲಿಗೆ ಬರಿಗಾಲಲ್ಲಿ ನಡೆದು ಹೋಗಿ, ಕೆಂಪು ಹತ್ತಿ ಹಸಿರು ಬರುವ ತನಕ ಕೈಮುಗಿದು ನಿಂತು ಬಂದರೆ ಕುಂಕುಮ ಮತ್ತೆ ನಿಲ್ಲುತ್ತದೆ. ನಾವು ಇದಕ್ಕೆ ತೀರಿಸುವುದು ಅನ್ನುತ್ತೇವೆ. ಬೆಳಗಿನ ಹೊತ್ತು ಕೊಳದ ಸರ್ಕಲ್ಲಿಗೆ ಬಂದು ನೋಡಿ. ಬೋಳು ಹಣೆಯ ವಕೀಲರು, ಮೇಷ್ಟ್ರುಗಳು, ಮದುವೆಗೆ ಬಂದ ಗಂಡುಗಳು ಸಾಲಾಗಿ ನಿಂತಿರುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಹೆಣ್ಣಿನ ಕಡೆಯವರು ದೂರದ ಹೂವಿನ ಅಂಗಡಿಯ ಮರೆಯಲ್ಲಿ ನಿಂತು ಗಂಡು ಇದ್ದಾನೋ ಇಲ್ಲವೋ ಎಂದು ನೋಡಿಕೊಂಡು ಹೋಗುವುದೂ ಉಂಟು. ಜಾಣರು ಏನೇನೋ ಉಪಾಯ ಮಾಡಿ ಸೋತಿದ್ದಾರೆ. ಗೋಂದಿನ ಮೇಲೆ ಕುಂಕುಮ ಇಟ್ಟವರದು ಗೋಂದಿನ ಸಮೇತ ಉದುರಿತು. ಸ್ಟಿಕ್ಕರ್ ಇಟ್ಟುಕೊಂಡವಳನ್ನು ಕಂಡರೆ ಇವಳೇನೋ ಮುಚ್ಚಿಡುತ್ತಿದ್ದಾಳೆ ಎಂದೇ ಊರು ತಿಳಿಯುತ್ತದೆ. ಗಾಡಿಯಿಂದ ಇಳಿದು ತಳ್ಳಿಕೊಂಡು ದಾಟಿದವರದೂ ನಿಲ್ಲಲಿಲ್ಲ. ಚಕ್ರ ಗೆರೆ ದಾಟಿತೋ, ಮುಗಿಯಿತು. ಇನ್ನೊಂದು ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಪಾಪ ಹ್ಯಾಂಡಲ್ ಹಿಡಿದವರಿಗೆ ಮಾತ್ರ, ಹಿಂದೆ ಕೂತವರಿಗೆ ತಟ್ಟುವುದಿಲ್ಲ.

ನನ್ನ ಹೊಟ್ಟೆಕಿಚ್ಚೆಲ್ಲ ಈ ಕೊನೆಯ ಮಾತಿನಿಂದಲೇ ಹುಟ್ಟಿದ್ದು. ನಮ್ಮ ಮನೆಯ ಗಂಡಸರಿಬ್ಬರೂ ಬೆಳಗ್ಗೆ ಕಾರ್ಖಾನೆಯ ಬಸ್ಸು ಹತ್ತಿದರೆ ಮತ್ತೆ ಮುಖ ತೋರಿಸುವುದು ರಾತ್ರಿ ಊಟಕ್ಕೆ. ಮನೆಯಲ್ಲಿ ಸ್ಕೂಟರ್ ಓಡಿಸುವವಳು ನಾನೊಬ್ಬಳೇ. ಮಕ್ಕಳ ಸ್ಕೂಲು, ರೇಷನ್ ಅಂಗಡಿಯ ಸಾಲು, ಅತ್ತೆ ಚೆನ್ನಾಜಮ್ಮನವರ ಕಣ್ಣಿನ ಆಸ್ಪತ್ರೆ, ಸರ್ವಮಂಗಳೆಯ ರವಿಕೆ ಹೊಲಿಯುವ ಟೈಲರ್, ಎಲ್ಲಕ್ಕೂ ದಾಕ್ಷಾಯಿಣಿಯೇ ಆಗಬೇಕು. ಹಿಂದಿನ ಸೀಟಿನಲ್ಲಿ ಸರ್ವಮಂಗಳೆ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಸಿಗ್ನಲ್ ಬಂದರೆ ಸಾಕು, ಕಿವಿಯ ಹತ್ತಿರ ಬಾಗಿ, “ಹೋಗ್ಬಿಡಿ ಅಕ್ಕಾ, ಯಾರೂ ಇಲ್ಲ. ಒಲೆ ಮೇಲೆ ಬೇಳೆ ಇಟ್ಟು ಬಂದಿದೀನಿ,” ಅನ್ನುತ್ತಿದ್ದಳು. ನಾನು ಹೋಗಿಬಿಡುತ್ತಿದ್ದೆ. ಬೇಳೆ ತಳ ಹಿಡಿಯುತ್ತಿರಲಿಲ್ಲ, ನನ್ನ ಹಣೆ ಬೋಳಾಗುತ್ತಿತ್ತು. ಅವಳದು ಬೆಳಗ್ಗೆ ಇಟ್ಟ ಅಗಲ ಕುಂಕುಮ ಸಂಜೆಗೂ ಅಂಚು ಕೆಡದೆ ನಗುತ್ತಿತ್ತು. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರಲ್ಲ, ನಾನು ಆ ಮೇಕೆ.

ಬರೀ ಕುಂಕುಮದ ಮಾತಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ನಮ್ಮ ಮನೆಯಲ್ಲಿ ನಂದಾದೀಪವಿದೆ. ಅತ್ತೆಯ ಅತ್ತೆಯ ಕಾಲದಿಂದ ಆರಿಲ್ಲ. ಅದಕ್ಕೆ ಎಣ್ಣೆ ಹಾಕಿ ಬತ್ತಿ ಸರಿಮಾಡುವವಳ ಮಾತು ಮನೆಯಲ್ಲಿ ನಡೆಯುತ್ತದೆ. ಮಗಳ ಮದುವೆ ಯಾವ ತಿಂಗಳು ಎನ್ನುವುದರಿಂದ ಹಿಡಿದು ಹುಳಿಗೆ ಯಾವ ತರಕಾರಿ ಎನ್ನುವ ತನಕ ಅವಳನ್ನೇ ಕೇಳುವುದು. ಬೋಳು ಹಣೆಯವರು ದೀಪ ಮುಟ್ಟುವ ಹಾಗಿಲ್ಲ. ಅತ್ತೆಗೆ ಕಣ್ಣು ಮಂಜಾದ ಮೇಲೆ ದೀಪ ನೋಡಿಕೊಳ್ಳುವುದು ಸೊಸೆಯರ ಪಾಲಿಗೆ ಬಂತು. ಹಿರಿಸೊಸೆ ನಾನು ಮನೆಮಂದಿಗಾಗಿ ಊರೆಲ್ಲ ಸುತ್ತಿ ಬೋಳು ಹಣೆಯಲ್ಲಿ ಬಾಗಿಲ ಹೊರಗೆ ನಿಲ್ಲುವುದು, ಹಿಂದಿನ ಸೀಟಿನವಳು ಒಳಗೆ ಹೋಗಿ ದೀಪಕ್ಕೆ ಎಣ್ಣೆ ಹಾಕುವುದು ಆಯಿತು. ಅಕ್ಕಪಕ್ಕದವರು ಬಂದರೆ ಒಂದೇ ರಾಗ. “ಸರ್ವಮಂಗಳ ಅಂತ ಹೆಸರಿಟ್ಟಿದ್ದು ಸಾರ್ಥಕ ಆಯ್ತು ನೋಡಿ ಚೆನ್ನಾಜಮ್ಮ!” ಆಗೆಲ್ಲ ನನ್ನ ಹೊಟ್ಟೆಯೊಳಗೆ ಒಗ್ಗರಣೆ ಸಿಡಿಯುತ್ತಿತ್ತು.

ಕಾರ್ತಿಕ ಹತ್ತಿರ ಬಂದಾಗ ಅತ್ತೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಕೈಲಿ ಇನ್ನಾಗಲ್ಲ. ಮೊದಲನೇ ಸೋಮವಾರ ನೆಂಟರನ್ನ ಕರೆದು ದೀಪ ಒಪ್ಪಿಸಿಬಿಡ್ತೀನಿ. ಇಬ್ಬರಿಗೂ ನನ್ನ ಕೈಯಾರೆ ಕುಂಕುಮ ಇಡ್ತೀನಿ. ಇಬ್ಬರದೂ ನಿಂತರೆ ದಾಕ್ಷಾಯಿಣಿದು, ಅವಳು ಹಿರಿಯಳು. ಒಬ್ಬಳದೇ ನಿಂತರೆ ಅವಳದು. ಆಮೇಲೆ ಯಾರೂ ಮುಖ ಊದಿಸ್ಕೋಬಾರದು.” ಒಪ್ಪಿಸುವುದೆಂದರೆ ಒಂದೇ ಸಲ, ಕೈಲಾಗುವ ತನಕ ಅವಳದೇ. ಸರ್ವಮಂಗಳೆ ತಲೆ ತಗ್ಗಿಸಿ, “ಅಕ್ಕನಿಗೇ ಆಗ್ಲಿ ಅತ್ತೆ,” ಅಂದಳು. ಆ ಒಳ್ಳೆಯತನ ನನಗೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಯಿತು.

ಅವತ್ತೇ ಸಂಜೆ ನನಗೆ ಸೊಂಟ ಹಿಡಿದುಕೊಂಡಿತು. ಹಿಡಿದುಕೊಂಡಿತು ಅಂದರೆ, ಹಿಡಿದುಕೊಂಡಿತೆಂದು ಮನೆಯಲ್ಲಿ ಹೇಳಿದೆ. ಸ್ಕೂಟರ್ ಇನ್ನು ನನ್ನ ಕೈಲಾಗದು, ಸರ್ವಮಂಗಳೆ ಕಲಿಯಲಿ ಅಂದೆ. ಎರಡು ಲಾಭ ನೋಡಿ. ನಾನು ಹ್ಯಾಂಡಲ್ ಮುಟ್ಟದಿದ್ದರೆ ನನ್ನ ಕುಂಕುಮ ನಿಲ್ಲುತ್ತದೆ, ಅವಳು ಮುಟ್ಟಿದರೆ ಅವಳದು ಉದುರುತ್ತದೆ. ರಸ್ತೆಗೆ ಇಳಿಯದವಳ ಪುಣ್ಯ ಯಾವ ಪುಣ್ಯ? ಇಳಿಯಲಿ, ಸಂತೆಪೇಟೆಯ ತಿರುವಿನಲ್ಲಿ ಎಮ್ಮೆ ಅಡ್ಡ ಬರಲಿ, ಹಿಂದಿನವನು ಹಾರ್ನ್ ಹೊಡೆಯಲಿ, ಆಗ ಗೊತ್ತಾಗುತ್ತದೆ ಸರ್ವಮಂಗಳೆಗೆ ಅಂದುಕೊಂಡೆ. ಕೆರೆಯ ಹಿಂದಿನ ಬಯಲಿನಲ್ಲಿ ನಾನೇ ನಿಂತು ಕಲಿಸಿದೆ. ಅವಳು ಮೊದಲ ಸಲ ಒಬ್ಬಳೇ ಒಂದು ಸುತ್ತು ಹಾಕಿ ಬಂದು, ಗಾಡಿ ನಿಲ್ಲಿಸಿ, ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟಳು. “ಇಷ್ಟು ವರ್ಷ ನನಗೆ ಯಾರೂ ಏನೂ ಕಲಿಸಿರ್ಲಿಲ್ಲ ಅಕ್ಕಾ,” ಅಂದಳು. ನಾನು ಸೊಂಟ ನೀವಿಕೊಂಡೆ.

ನನ್ನ ಲೆಕ್ಕ ತಲೆಕೆಳಗಾದದ್ದು ಆಮೇಲೆ. ಆ ಹೆಂಗಸು ಒಂದು ತಪ್ಪು ಮಾಡಲಿಲ್ಲ. ಬೀದಿನಾಯಿಗೂ ಇಂಡಿಕೇಟರ್ ಹಾಕಿ ತೋರಿಸುತ್ತಿದ್ದಳು. ನಮ್ಮ ಓಣಿಯಿಂದ ದೊಡ್ಡ ರಸ್ತೆಗೆ ಬರುವಾಗ ಅತ್ತಿತ್ತ ನೋಡಿ, ಮತ್ತೆ ನೋಡಿ, ನಮ್ಮ ಹಿಂದೆ ಬಂದ ಹಾಲಿನವನು ಮನೆ ಮನೆಗೆ ಹಾಲು ಹಾಕಿ ವಾಪಸ್ಸು ಬರುವವರೆಗೂ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಮೂರು ಬಾವಿ ಸರ್ಕಲ್ಲಿನಲ್ಲಿ ಕೆಂಪು ಬಿತ್ತು. ಸುಡುವ ಬಿಸಿಲು, ನರಪಿಳ್ಳೆ ಇಲ್ಲ. ನಾನು ಅವಳ ಕಿವಿಯ ಹತ್ತಿರ ಬಾಗಿ, “ಹೋಗ್ಬಿಡು ಸರ್ವಮಂಗಳ, ಯಾರೂ ಇಲ್ಲ. ಮಕ್ಕಳು ಕಾಯ್ತಿರ್ತಾರೆ,” ಅಂದೆ. ಅವಳು ಕಾಲು ನೆಲಕ್ಕೂರಿ ಹಾಗೇ ನಿಂತಳು. ಹಿಂದೆ ತಿರುಗದೆ ಹೇಳಿದಳು. “ಅಕ್ಕಾ, ಹಿಂದೆ ಕೂತು ‘ಹೋಗಿ, ಹೋಗಿ’ ಅಂತ ನಿಮಗೆ ಎಷ್ಟು ಸಲ ಅಂದಿದೀನಿ. ಹ್ಯಾಂಡಲ್ ಹಿಡಿದ ಮೇಲೆ ಗೊತ್ತಾಗ್ತಿದೆ, ಅಲ್ಲಿ ಕೂತು ಹೇಳೋದು ಎಷ್ಟು ಸಲೀಸು ಅಂತ. ನನ್ನನ್ನ ಕ್ಷಮಿಸಿಬಿಡಿ.” ಜಗಳ ತೆಗೆದಿದ್ದರೆ ಮೇಲಾಗಿತ್ತು. ತಪ್ಪು ಒಪ್ಪಿಕೊಂಡವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಗೊತ್ತೇ? ಕಷ್ಟಪಟ್ಟು ಪಟ್ಟೆ. ಕನ್ನಡಿಯಲ್ಲಿ ಅವಳ ಕುಂಕುಮ ನೋಡುತ್ತಾ, ಇವಳಿಗೆ ಒಳ್ಳೆಯತನವೂ ಇಷ್ಟು ಸುಲಭವಾಗಿ ದಕ್ಕಬೇಕೇ ಎಂದು ಹಲ್ಲು ಕಡಿದೆ.

ಸೋಮವಾರ ಬಂತು. ದೀಪ ಒಪ್ಪಿಸುವ ದಿನ ಹೊಸ ಎಣ್ಣೆಯನ್ನು ಸೊಸೆಯರೇ ಗಾಣದಿಂದ ತರಬೇಕು, ಅದು ಮನೆಯ ಪದ್ಧತಿ. ಬೆಳಗ್ಗೆಯೇ ರೇಷ್ಮೆ ಸೀರೆ ಉಟ್ಟು ಹೊರಟೆವು. ಗಾಡಿ ಅವಳು ಓಡಿಸಿದಳು, ನಾನು ಹಿಂದೆ ಹಿತ್ತಾಳೆಯ ತಂಬಿಗೆ ಹಿಡಿದು ಕೂತೆ. ನನ್ನ ಹಣೆಯಲ್ಲಿ ಕುಂಕುಮ ಗಟ್ಟಿಯಾಗಿತ್ತು. ಅವಳದೂ ಹಾಗೇ ಇದ್ದರೆ ಇರಲಿ, ಹಿರಿಯಳು ನಾನು, ದೀಪ ನನ್ನದೇ. ಹೀಗೇ ಸುಮ್ಮನೆ ಹಿಂದೆ ಕೂತು ಮನೆ ಸೇರಿದರೆ ಆಯಿತು ಎಂದುಕೊಂಡು ದೇವರಿಗೆ ಮನಸ್ಸಿನಲ್ಲೇ ಹಣ್ಣುಕಾಯಿ ಹೇಳಿಕೊಂಡೆ. ಎಣ್ಣೆ ತುಂಬಿಸಿಕೊಂಡು ವಾಪಸ್ಸು ಬರುವಾಗ ಕೊಳದ ಸರ್ಕಲ್ಲಿನಲ್ಲಿ ಕೆಂಪು ಬಿತ್ತು. ಎಲ್ಲರಿಗಿಂತ ಮುಂದೆ, ಗೆರೆಯ ಹಿಂದೆ ನಾವು. ಎಡಕ್ಕೆ ತೆರೆದ ಚರಂಡಿ, ಬಲಕ್ಕೆ ಕುಂಬಳಕಾಯಿ ತುಂಬಿದ ಟೆಂಪೊ.

ಕೆಂಪು ಹೋಗಲೇ ಇಲ್ಲ. ನಿಂತೆವು, ನಿಂತೆವು, ಗಾಡಿಗಳೆಲ್ಲ ಎಂಜಿನ್ ಆರಿಸಿದವು. ನಮ್ಮ ಹಿಂದಿನ ಸಾಲು ಸಂತೆಪೇಟೆಯ ತನಕ ಬೆಳೆಯಿತು. ಆಚೆ ರಸ್ತೆಗಳಿಗೂ ಕೆಂಪೇ. ನಾಲ್ಕು ಕಡೆಯೂ ಊರು ಸರ್ಕಲ್ಲಿನ ಸುತ್ತ ಕೂತು ದೀಪ ನೋಡುತ್ತಿತ್ತು. “ಸಿಗ್ನಲ್ ಕೆಟ್ಟಿದೆ ಕಣ್ರೀ,” ಎಂದು ಯಾರೋ ಕೂಗಿದರು. ಕಾರಿನಿಂದ ಇಳಿದ ವಕೀಲರೊಬ್ಬರು, “ಕೆಟ್ಟ ಸಿಗ್ನಲ್ಲು ಸಿಗ್ನಲ್ಲೇ ಅಲ್ಲ, ದಾಟಬಹುದು,” ಎಂದು ವಾದ ಹೂಡಿದರು. “ಹಾಗಾದ್ರೆ ತಾವೇ ಮೊದಲು ದಾಟಿ ಸ್ವಾಮಿ,” ಎಂದ ಟೆಂಪೊದವನು. ವಕೀಲರು ತಮ್ಮ ಹಣೆಯ ಗಂಧ ಮುಟ್ಟಿ ನೋಡಿಕೊಂಡು ಕಾರಿನೊಳಗೆ ಕೂತರು. ಹಿಂದಿನ ಆಟೊದಲ್ಲಿದ್ದ ಮುದುಕಿಯೊಬ್ಬಳು, “ಕೆಟ್ಟ ಗಂಡನೂ ಗಂಡನೇ ಅಲ್ವೇನಪ್ಪ, ಕಾಯ್ಬೇಕು,” ಅಂದಳು. ಜನ ನಕ್ಕರು. ಯಾರೋ ಕಡಲೆಕಾಯಿ ಕೊಂಡು ಹಂಚಿದರು. ನನಗೆ ಮಾತ್ರ ಮನೆಯಲ್ಲಿ ಕೂತ ನೆಂಟರದೇ ಯೋಚನೆ.

ಆಗ ಹಿಂದಿನಿಂದ ಒಂದೇ ಸಮ ಹಾರ್ನ್ ಕೇಳಿಸಿತು. ನಮ್ಮ ಊರಲ್ಲಿ ಹಾಗೆ ಯಾರೂ ಹೊಡೆಯುವುದಿಲ್ಲ. ಒಂದು ಆಟೊ ಇವರನ್ನು ಸರಿಸಿ, ಅವರನ್ನು ಬೈದು, ಸಂದಿಯಲ್ಲಿ ನುಸುಳಿಕೊಂಡು ಬಂದು ನಮ್ಮ ಸ್ಕೂಟರಿನ ಹಿಂದೆಯೇ ನಿಂತಿತು. ಡ್ರೈವರ್ ದಸ್ತಗೀರ, ಹಳೇ ಬಸ್‌ಸ್ಟಾಂಡಿನ ಹತ್ತಿರ ನಿಲ್ಲುವವನು. ಒಳಗೆ ಒಬ್ಬ ಹೆಂಗಸು, ಮೈಯೆಲ್ಲ ರಾಗಿ ಹಿಟ್ಟು, ಬಲಗೈಗೆ ಸುತ್ತಿದ ಟವೆಲು ಪೂರ್ತಿ ರಕ್ತ. ಅವಳು ಅಳುತ್ತಿರಲಿಲ್ಲ, ಕಣ್ಣು ಅರ್ಧ ಮುಚ್ಚಿತ್ತು. ದಸ್ತಗೀರ ತಲೆ ಹೊರಗೆ ಹಾಕಿ, “ಗಿರಣಿ ಬೆಲ್ಟಿಗೆ ಕೈ ಸಿಕ್ಕಿದೆ ಅಮ್ಮಾ! ಆಸ್ಪತ್ರೆ ಅಲ್ಲೇ ಕಾಣ್ತಿದೆ. ನಂದು ಬಿಡಿ, ಹಿಂದಿನ ಸಿಗ್ನಲ್‌ಗಳಲ್ಲೇ ನನ್ನ ಅತ್ತರು ಸತ್ತೋಯ್ತು. ನೀವು ಒಂದಿಷ್ಟು ಮುಂದೆ ಹೋದ್ರೆ ನಾನು ನುಗ್ತೀನಿ,” ಎಂದ. ಟೆಂಪೊದವನು ಕುಂಬಳಕಾಯಿ ಕಡೆ ನೋಡಿದ. ವಕೀಲರು ಗಾಜು ಏರಿಸಿಕೊಂಡರು. ಎಲ್ಲರ ಕಣ್ಣೂ ನಮ್ಮ ಸ್ಕೂಟರಿನ ಮುಂದಿನ ಚಕ್ರದ ಮೇಲೆ, ಅದರ ಮುಂದಿನ ಬಿಳಿ ಗೆರೆಯ ಮೇಲೆ.

ನಾನು ಕನ್ನಡಿಯಲ್ಲಿ ಸರ್ವಮಂಗಳೆಯ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿ ಒಮ್ಮೆ ದೇವರನ್ನು ನೆನೆದಳು. ಕಣ್ಣು ಬಿಟ್ಟು ಕೀ ತಿರುಗಿಸಿದಳು. ಗಾಡಿ ಸ್ಟಾರ್ಟ್ ಆಯಿತು. ಅವಳು ಹೊರಟಿದ್ದಳು! ನಾನು ಇಷ್ಟು ದಿನ ಕಾದದ್ದು ಇದಕ್ಕೇ. ಇನ್ನೇನು, ಆ ಕುಂಕುಮ ನನ್ನ ಕಣ್ಣ ಮುಂದೆಯೇ ಉದುರಬೇಕು, ಸಂಜೆಯೊಳಗೆ ದೀಪ ನನ್ನ ಕೈಗೆ ಬರಬೇಕು. ನಾನು ಬಾಯಿ ಬಿಡುವುದೂ ಬೇಕಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ಕಂಡಿತು. ನಾಲ್ಕು ರಸ್ತೆಯ ಜನ ನೋಡುತ್ತಿದ್ದಾರೆ. ದೀಪ ಒಪ್ಪಿಸುವ ದಿನವೇ ಯಾರದೋ ಕೈ ಉಳಿಸಲು ತನ್ನ ಕುಂಕುಮ ಕಳೆದುಕೊಂಡವಳು ಎಂದು ಈ ಊರು ಇನ್ನು ಮೊಮ್ಮಕ್ಕಳ ಕಾಲದ ತನಕ ಇವಳ ಕಥೆ ಹೇಳುತ್ತದೆ. ನಾನು ದೀಪಕ್ಕೆ ಎಣ್ಣೆ ಹಾಕುತ್ತಾ ಅದನ್ನು ಕೇಳಿಸಿಕೊಂಡಿರಬೇಕು. ಇಷ್ಟು ವರ್ಷ ಇವಳ ಬೇಳೆ ತಳ ಹಿಡಿಯದ ಹಾಗೆ ಸಿಗ್ನಲ್ ದಾಟಿದವಳು ನಾನು. ದಾಟಿದ್ದಕ್ಕೆ ಒಂದು ಅರ್ಥ ಇರುವ ದಿನ ಬಂದಾಗ ಇವಳು ದಾಟಬೇಕೇ? ಇದೂ ಇವಳಿಗೇ ಹೋಗಬೇಕೇ?

“ಇಳಿ,” ಅಂದೆ. ಅವಳಿಗೆ ಅರ್ಥವಾಗಲಿಲ್ಲ. “ಇಳಿ ಅಂದೆ ಕೆಳಗೆ. ನನ್ನ ಗಾಡಿ ಇದು.” ತಂಬಿಗೆಯನ್ನು ಅವಳ ಕೈಗೆ ತುರುಕಿ, ತೋಳು ಹಿಡಿದು ಇಳಿಸಿ, ಸೀರೆ ಎತ್ತಿ ಕಟ್ಟಿ ಹತ್ತಿದೆ. ಸೊಂಟ ಏನೂ ಅನ್ನಲಿಲ್ಲ. ಚಕ್ರ ಗೆರೆ ದಾಟಿದ ಕೂಡಲೇ ಮೂಗಿನ ಮೇಲೆ ಪುಡಿ ಬಿದ್ದದ್ದು ಗೊತ್ತಾಯಿತು, ಒಂದಿಷ್ಟು ಕಣ್ಣಿಗೂ ಹೋಗಿ ಉರಿಯಿತು. ಉರಿಯುವ ಕಣ್ಣಲ್ಲೇ ಸರ್ಕಲ್ ದಾಟಿ ಆಚೆ ನಿಲ್ಲಿಸಿದೆ. ದಸ್ತಗೀರನ ಆಟೊ ನನ್ನ ಪಕ್ಕದಲ್ಲೇ ಹಾರಿಹೋಯಿತು. ಹಿಂದಿನವರು ಯಾರೂ ಕದಲಲಿಲ್ಲ. ಸರ್ವಮಂಗಳೆ ಸರ್ಕಲ್ಲಿನ ನಡುವೆ ಎಣ್ಣೆಯ ತಂಬಿಗೆ ಎರಡೂ ಕೈಯಲ್ಲಿ ಹಿಡಿದು, ತುಳುಕಿಸದೆ, ನಡೆದು ಬಂದಳು. ಅವಳನ್ನು ಹಿಂದೆ ಕೂರಿಸಿಕೊಂಡೆ. ನನ್ನ ಹಣೆ ಹೇಗೂ ಬೋಳಾಗಿತ್ತಲ್ಲ, ಮನೆಯ ತನಕ ಗಾಡಿ ನಾನೇ ಓಡಿಸಿದೆ.

ನೆಂಟರ ಮುಂದೆ ಅತ್ತೆ ನನ್ನ ಹಣೆಗೆ ಕುಂಕುಮ ಇಟ್ಟರು, ಉದುರಿತು. “ಇವತ್ತೊಂದು ದಿನ ಕಾಯಕ್ಕಾಗ್ಲಿಲ್ವಾ ನಿನಗೆ?” ಎಂದು ಅತ್ತೆಯ ತಂಗಿ ಗದರಿದರು. ಸರ್ವಮಂಗಳೆ ತಡೆಯದೆ ನಡೆದದ್ದೆಲ್ಲ ಹೇಳಿಬಿಟ್ಟಳು, ತಾನು ಹೊರಟದ್ದು, ನಾನು ಇಳಿಸಿದ್ದು, ಎಲ್ಲ. ಅತ್ತೆ ನನ್ನನ್ನು ಹತ್ತಿರ ಕರೆದರು. ನನ್ನ ಕೆನ್ನೆ ಸವರಿ, “ಒಳ್ಳೇ ಕೆಲಸ ಮಾಡ್ದೆ ಮಗಳೇ. ಆದರೆ ರಸ್ತೆ ಕಾರಣ ಕೇಳಲ್ಲ, ದೀಪಾನೂ ಕೇಳಲ್ಲ. ಕೊಟ್ಟ ಮಾತು ಕೊಟ್ಟ ಮಾತೇ,” ಅಂದರು. ಸರ್ವಮಂಗಳೆಯ ಹಣೆಯಲ್ಲಿ ಕುಂಕುಮ ನಿಂತಿತು. ದೀಪ ಅವಳ ಕೈಗೆ ಹೋಯಿತು. ನನಗೆ ನೋಡಲಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಬಾಗಿಲ ಹೊರಗೆ ಹೋಗಿ ಕಂಬಕ್ಕೆ ಒರಗಿ ನಿಂತೆ.

ಊಟದ ಹೊತ್ತಿಗೆ ದಸ್ತಗೀರ ಮನೆ ಹುಡುಕಿಕೊಂಡು ಬಂದ. ಒಂದು ಬೆರಳು ಹೋಯಿತಂತೆ, ಕೈ ಉಳಿಯಿತಂತೆ. ಇನ್ನಷ್ಟು ತಡವಾಗಿದ್ದರೆ ಕೈಯೇ ಇರುತ್ತಿರಲಿಲ್ಲವೆಂದು ಡಾಕ್ಟರು ಅಂದರಂತೆ. “ಆ ತಾಯಿ ಯಾರು ತೋರ್ಸಿ, ಒಂದ್ಸಲ ಕೈ ಮುಗೀತೀನಿ,” ಎಂದು ಅಂಗಳದಲ್ಲಿ ನಿಂತ. ಅಷ್ಟೆ, ಎಲೆಯ ಮುಂದೆ ಕೂತ ನೆಂಟರೆಲ್ಲ ಎದ್ದು ಬಂದರು. ಹೇಗೆ ದಾಟಿದೆ, ಭಯ ಆಗಲಿಲ್ಲವೇ, ಕಣ್ಣಿಗೆ ಬಿತ್ತಂತಲ್ಲ ಎಂದು ನನ್ನ ಸುತ್ತ ಮುತ್ತಿದರು. ಗದರಿದ ಅತ್ತೆಯ ತಂಗಿಯೇ ನನ್ನ ಬೋಳು ಹಣೆಯನ್ನು ಬೆರಳಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಜನರ ತಲೆಗಳ ನಡುವೆ ಒಳಗೆ ನೋಡಿದೆ. ದೇವರಮನೆಯ ಬಾಗಿಲಲ್ಲಿ ಸರ್ವಮಂಗಳೆ ಒಬ್ಬಳೇ ನಿಂತಿದ್ದಳು, ಕೈಯಲ್ಲಿ ಎಣ್ಣೆಯ ಸೌಟು. ಅವಳು ನನ್ನ ಹಣೆಯನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ವರ್ಷಾನುಗಟ್ಟಲೆ ನಾನು ಅವಳ ಹಣೆಯನ್ನು ನೋಡಿದ ನೋಟವೇ ಅದು.

ಜನ ಹೋದ ಮೇಲೆ ಪಾತ್ರೆ ತೊಳೆಯುತ್ತಾ ಅವಳು ಮೆಲ್ಲಗೆ ಅಂದಳು. “ನಾನು ಹೊರಟಿದ್ದೆ ಅಕ್ಕಾ. ಸ್ಟಾರ್ಟ್ ಮಾಡಿದ್ದೆ. ನಾನೂ ದಾಟ್ತಿದ್ದೆ.”

“ಗೊತ್ತು,” ಅಂದೆ. “ಅದಕ್ಕೇ ಇಳಿಸಿದ್ದು.”

ಮಾರನೆಯ ಬೆಳಗ್ಗೆ ಅವಳು ಗಾಡಿಯ ಕೀ ಹಿಡಿದು ನನ್ನ ಕೋಣೆಯ ಬಾಗಿಲಿಗೆ ಬಂದಳು. ಸಿಗ್ನಲ್ ಸರಿಹೋಗಿದೆಯಂತೆ, ಸರ್ಕಲ್ಲಿನ ಹತ್ತಿರದ ತನಕ ತಾನೇ ಬಿಡುತ್ತಾಳಂತೆ, ಬೇಗ ತೀರಿಸಿಕೊಂಡು ಬರಬಹುದಂತೆ. ಅವಳಿಗೆ ಎಷ್ಟು ಅವಸರ! ನಾನು ಹೊದಿಕೆ ಎಳೆದುಕೊಂಡು, “ಇದೊಂದನ್ನ ನಾನು ತೀರಿಸಲ್ಲ,” ಅಂದೆ. ಅತ್ತೆ ಹೇಳಿದರು, ನಮ್ಮನೆಯವರು ಹೇಳಿದರು, ಬೋಳು ಹಣೆ ಚೆನ್ನಾಗಿ ಕಾಣುವುದಿಲ್ಲ ಅಂದರು. ಚೆನ್ನಾಗಿ ಕಾಣದಿದ್ದರೆ ಬೇಡ.

ಇವತ್ತಿಗೂ ದೀಪ ಅವಳದೇ, ಹುಳಿಗೆ ಯಾವ ತರಕಾರಿ ಎಂದು ಹೇಳುವವಳೂ ಅವಳೇ. ಅದು ನನ್ನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತದೆ. ಆದರೆ ಪ್ರತಿ ಸಂಜೆ ಬತ್ತಿ ಸರಿಮಾಡಿ, ಕೈಮುಗಿದು, ದೇವರಿಂದ ಈ ಕಡೆ ತಿರುಗಿದ ಕೂಡಲೇ ಅವಳು ಮೊದಲು ನೋಡುವುದು ನನ್ನ ಹಣೆಯನ್ನು. ಅದಕ್ಕೇ ನಾನು ದೀಪದ ಹೊತ್ತಿಗೆ ಸರಿಯಾಗಿ ಮುಖ ತೊಳೆದು, ಕೂದಲು ಹಿಂದಕ್ಕೆ ಬಾಚಿ, ಬೆಳಕು ಚೆನ್ನಾಗಿ ಬೀಳುವ ಕಡೆ ಬಂದು ಕೂರುತ್ತೇನೆ.